ಬೆಳ್ಳಿಯಪ್ಪನ ಬಾವುಟ

ಅಂಗಳದಲ್ಲಿ ಗಂಡ ಮೊಣ್ಣಪ್ಪನ ಹೆಣಕ್ಕೆ ಸ್ನಾನ ಮಾಡಿಸುತ್ತಿದ್ದಾಗ ಯಮುನ ಒಳಕೋಣೆಯಲ್ಲಿ ಮಂಚದಡಿಯ ತಗಡಿನ ಪೆಟ್ಟಿಗೆಯನ್ನು ಎಳೆಯುತ್ತಿದ್ದಳು. ಪೆಟ್ಟಿಗೆಯ ಮೂಲೆ ನೆಲಕ್ಕೆ ತಾಗಿ ಕಿರ್ರೆಂದಿತು. ಜಗಲಿಯಲ್ಲಿದ್ದ ಹೆಂಗಸರ ಅಳು ಒಂದು ಗಳಿಗೆ ನಿಂತಿತು.

ಮೊಣ್ಣಪ್ಪನ ಅಕ್ಕ ಪೊನ್ನಮ್ಮ ಬಾಗಿಲಿಗೆ ಬಂದಳು. “ಎಂಥ ಹುಡುಕ್ತಿದ್ದೀಯ ಯಮುನ? ಇದು ಮೂರನೇ ಸಲ ಎದ್ದು ಬಂದದ್ದು. ಜನ ಎಂಥ ಹೇಳಿಯಾರು?”

“ಬೆಳ್ಳಿಯಪ್ಪಣ್ಣ ಬಂದಿದ್ದಾರ ಅಕ್ಕ?”

“ಮೂರ್ನಾಡಿನವರಾ? ಹಲಸಿನ ಮರದಡಿ ಕೂತಿದ್ದಾರೆ. ಯಾಕೆ?”

“ಅವರ ಬಾವುಟ ಭಾನುವಾರ ವಾಪಸ್ ಕೊಡ್ತೀನೀಂತ ಇವರು ಮಾತು ಕೊಟ್ಟಿದ್ರು. ಇವತ್ತು ಭಾನುವಾರ.”

“ಹನ್ನೊಂದು ದಿನ ಕಳೀಲಿ. ಯಾರೂ ಕೇಳೂದಿಲ್ಲ.”

ಯಮುನ ಮತ್ತೆ ಪೆಟ್ಟಿಗೆಗೆ ಕೈ ಹಾಕಿದಳು. ಪೆಟ್ಟಿಗೆಯ ತಳದಲ್ಲಿ ಹಳೇ ಪೇಪರಿನಲ್ಲಿ ಸುತ್ತಿಟ್ಟದ್ದು ಸಿಕ್ಕಿತು. ಬಿಚ್ಚಿದಳು. ಒಂದಲ್ಲ, ಎರಡು ಬಾವುಟ. ಎರಡೂ ಮೂರು ಮೂಲೆಯವು, ಇಟ್ಟಿಗೆಯ ಹಾಗೆ ಮಾಸಿದ ಕೆಂಪಿನವು, ಎರಡರಲ್ಲೂ ಅದೇ ಎರಡು ಬಿಳಿ ಅಕ್ಷರ. ಒಂದರಲ್ಲಿ ಹುಳ ತಿಂದ ತೂತು ಎಲ್ಲಿತ್ತೋ ಇನ್ನೊಂದರಲ್ಲೂ ಅಲ್ಲೇ ಇತ್ತು.

ಎರಡನ್ನೂ ತಿರುಗಿಸಿ ನೋಡಿದಳು, ಬೆಳ್ಳಿಯಪ್ಪನವರದು ಯಾವುದೆಂದು ತಿಳಿಯಲಿಲ್ಲ.

*

ಮೊಣ್ಣಪ್ಪ ಭಾಗಮಂಡಲ–ಮಡಿಕೇರಿ ಬಸ್ಸಿನ ಕಂಡಕ್ಟರು. ಹುಡುಗನಾಗಿದ್ದಾಗ ಹಾಕಿ ಪಂದ್ಯ ಎಲ್ಲಿದ್ದರೂ ಓಡುತ್ತಿದ್ದವನು. ಸ್ಟಿಕ್ಕು ಹಿಡಿದು ಆಡಿದವನಲ್ಲ. ಆಡಲು ಬರುತ್ತಲೂ ಇರಲಿಲ್ಲ. ಆದರೆ ಮೈದಾನದ ಅಂಚಿನಲ್ಲಿ ಒಂದೊಂದು ಟೀಮು ನೆಡುತ್ತಿದ್ದ ದಪ್ಪ ಫೆಲ್ಟ್ ಬಟ್ಟೆಯ ಬಾವುಟಗಳು ಅವನ ಕಣ್ಣಿಗೆ ಕಟ್ಟಿಬಿಟ್ಟಿದ್ದವು. ಕೊಡಗು ಮೈಸೂರಿಗೆ ಸೇರಿದ ವರ್ಷ, ಆ ಟೀಮುಗಳ ಹೆಸರೇ ಯಾರಿಗೂ ನೆನಪಿಲ್ಲ ಎಂದು ಒಂದು ದಿನ ಊಟದ ನಡುವೆ ಹೇಳಿದವನು, ಮಾರನೇ ವಾರ ಆ ಬಾವುಟಗಳನ್ನು ಮತ್ತೆ ಹೊಲಿಯಲು ಸೂಜಿ ಹಿಡಿದು ಕೂತ.

ಬಸ್ಸಿಗೆ ಮುದುಕರು ಹತ್ತಿದರೆ ಸಾಕು, ಟಿಕೇಟು ಹರಿಯುತ್ತಲೇ ಶುರು ಮಾಡುತ್ತಿದ್ದ. “ನಿಮ್ಮ ಕಡೆಯ ಟೀಮಿನ ಬಾವುಟ ಹಳದಿಯಾ, ಹಸುರಾ? ಅಕ್ಷರ ನೆಟ್ಟಗಿತ್ತಾ, ಓರೆಯಾ?” ಬಟ್ಟೆಗೆ ಬಿಳಿ ದೊರೆಗಳು ಬಿಟ್ಟುಹೋದ ಹಳೇ ಫೆಲ್ಟ್ ಟೋಪಿಗಳು. ಎಸ್ಟೇಟಿನ ಬಟ್ಲರುಗಳ ಹತ್ತಿರ ಕೇಳಿ ತಂದು, ಬಿಸಿನೀರಿನ ಹಬೆಯಲ್ಲಿ ಹಿಡಿದು, ಚಪ್ಪಟೆ ಮಾಡಿ ಕತ್ತರಿಸಿ ಬಣ್ಣ ಹಾಕುತ್ತಿದ್ದ. ಒಂದು ಸಲ ಯಮುನಳ ಅಪ್ಪ ಮದುವೆಗೆಂದು ಜೋಪಾನ ಮಾಡಿದ್ದ ಟೋಪಿಯನ್ನೂ ಕತ್ತರಿಸಿಬಿಟ್ಟ. ಆ ಸಲ ಅವಳು ಎಂಟು ದಿನ ಅವನೊಡನೆ ಮಾತಾಡಲಿಲ್ಲ. ಅದಾದ ಮೇಲೆ ಬಾವುಟದ ಮಾತೆತ್ತಿದರೆ ಅವಳು ಬೇರೆ ಕಡೆ ನೋಡುತ್ತಿದ್ದಳು.

ಬೆಳ್ಳಿಯಪ್ಪ ವರ್ಷಕ್ಕೊಮ್ಮೆ ಭಾಗಮಂಡಲದ ಸಂಗಮದಲ್ಲಿ ತಮ್ಮನಿಗೆ ಪಿಂಡ ಬಿಡಲು ಅದೇ ಬಸ್ಸಿನಲ್ಲಿ ಬರುತ್ತಿದ್ದವರು. ತಮ್ಮ ಬೋಜಪ್ಪ ಹಾಕಿ ಆಡುತ್ತಿದ್ದ. ಪಟ್ಟಾಳಕ್ಕೆ ಸೇರಿ ಯುದ್ಧಕ್ಕೆ ಹೋದವನು ಬರ್ಮಾದಿಂದ ತಿರುಗಿ ಬರಲಿಲ್ಲ. ಅವನದೆಂದು ಮನೆಯಲ್ಲಿ ಉಳಿದದ್ದು ಈ ಬಾವುಟ ಒಂದೇ. ಎರಡು ತಿಂಗಳ ಹಿಂದೆ ಅದನ್ನು ಮೊಣ್ಣಪ್ಪನ ಕೈಗೆ ಕೊಟ್ಟು, “ನೋಡಿ ಮಾಡಿಕೊಂಡು ಕೊಡಪ್ಪ,” ಅಂದಿದ್ದರು.

ಹೋದ ವಾರ ಮೊಣ್ಣಪ್ಪ ಎರಡನ್ನೂ ಒಂದೊಂದು ಕೈಯಲ್ಲಿ ಹಿಡಿದು ಅಡುಗೆಮನೆಗೆ ಬಂದಿದ್ದ. “ಯಮುನ, ಬೆಳ್ಳಿಯಪ್ಪಣ್ಣಂದು ಯಾವುದು ಹೇಳು.”

ಅವಳು ಅಕ್ಕಿ ಕೇರುತ್ತಿದ್ದಳು. ತಲೆ ಎತ್ತದೆ, “ಎಡಗೈದು,” ಅಂದಳು.

ಅವನು ಕಣ್ಣಲ್ಲಿ ನೀರು ಬರುವಷ್ಟು ನಕ್ಕ. ತಾನು ಸರಿ ಹೇಳಿದೆನೆಂದು ನಕ್ಕನೋ, ತಪ್ಪಿದೆನೆಂದು ನಕ್ಕನೋ ಅವಳು ಕೇಳಲಿಲ್ಲ.

*

ಎರಡನ್ನೂ ಸೆರಗಿನಲ್ಲಿ ಮುಚ್ಚಿಕೊಂಡು ಯಮುನ ಹಿತ್ತಿಲ ಬಾಗಿಲಿಗೆ ಹೋದಳು. ಬಸ್ಸಿನ ಡ್ರೈವರ್ ನಾಣಯ್ಯ ಚಟ್ಟಕ್ಕೆ ಬಿದಿರು ಸೀಳುತ್ತಿದ್ದ. ಹದಿನಾಲ್ಕು ವರ್ಷ ಮೊಣ್ಣಪ್ಪನ ಜೊತೆ ಕೆಲಸ ಮಾಡಿದವನು.

“ನಾಣಯ್ಯಣ್ಣ, ಇದರಲ್ಲಿ ಹಳೇದು ಯಾವುದೂಂತ ಗೊತ್ತಾ?”

ನಾಣಯ್ಯ ಕತ್ತಿ ಕೆಳಗಿಟ್ಟ. ಬಗ್ಗಿ ನೋಡಿದ. “ನಂಗೆಲ್ಲಿ ಗೊತ್ತಾಗ್ಬೇಕು ಅಕ್ಕ? ನೀವೇ ಹೇಳ್ಬೇಕು. ನಮ್ಮ ಯಮುನ ನೋಡಿ ಸರಿ ಅಂದ ಮೇಲೇ ಬಾವುಟ ಮುಗಿದ ಹಾಗೇಂತ ಅವ ಬಸ್ಸಲ್ಲಿ ಎಲ್ಲರಿಗೂ ಹೇಳ್ತಿದ್ದ. ಅವಳ ಕಣ್ಣಿಗೆ ಒಂದು ಹೊಲಿಗೆಯೂ ತಪ್ಪೂದಿಲ್ಲ ಅಂತಿದ್ದ.”

“ಎಲ್ಲರಿಗೂ ಹೇಳ್ತಿದ್ರಾ?”

“ದಿನಾ.”

ಯಮುನ ಅಲ್ಲಿ ನಿಲ್ಲಲಾರದೆ ಕೋಣೆಗೆ ಮರಳಿದಳು. ಕಿಟಕಿಯ ಹತ್ತಿರ ಎರಡನ್ನೂ ಹಾಸಿ ನೋಡಿದಳು. ಒಂದು ಅಕ್ಷರದ ಬುಡದಲ್ಲಿ ಮೂರು ಹೊಲಿಗೆ ಎಡಕ್ಕೆ ವಾಲಿದ್ದವು. ಯಾವ ಕಾಲದಲ್ಲೋ ಯಾರೋ ಅವಸರದಲ್ಲಿ ಹಾಕಿದವು. ಇನ್ನೊಂದರಲ್ಲೂ ಅದೇ ಮೂರು ಹೊಲಿಗೆ ಹಾಗೇ ವಾಲಿದ್ದವು. ತನ್ನದರಲ್ಲಿ ತೂತಿನ ಅಂಚನ್ನು ಅವನು ಸೂಜಿಯಿಂದ ಕೆದರಿದ್ದಿರಬೇಕು. ಹಳೇ ಕಲೆಯ ಜಾಗಕ್ಕೆ ಕಾಫಿ ಡಿಕಾಕ್ಷನ್ ತಟ್ಟಿದ್ದಿರಬೇಕು; ಯಾವುದಕ್ಕೆಂದು ಮಾತ್ರ ಕಾಣಲಿಲ್ಲ. ಮೂಸಿದಳು; ಒಂದೇ ಪೆಟ್ಟಿಗೆಯಲ್ಲಿದ್ದುದರಿಂದ ಎರಡಕ್ಕೂ ಕರ್ಪೂರದ ವಾಸನೆ.

“ಎತ್ತುವ ಹೊತ್ತಾಯ್ತು,” ಎಂದು ಹೊರಗಿಂದ ಯಾರೋ ಕೂಗಿದರು.

ಒಂದನ್ನು ಕೈಗೆತ್ತಿಕೊಂಡಳು, ಕೆಳಗಿಟ್ಟಳು, ಮತ್ತೆ ಅದನ್ನೇ ಎತ್ತಿಕೊಂಡು ಹಲಸಿನ ಮರದ ಕಡೆ ನಡೆದಳು.

ಬೆಳ್ಳಿಯಪ್ಪ ಕಷ್ಟಪಟ್ಟು ಎದ್ದು ನಿಂತರು. “ಇದಕ್ಕೇಂತ ಬಂದವನಲ್ಲಮ್ಮ ನಾನು.”

“ಗೊತ್ತು ಅಣ್ಣ. ಭಾನುವಾರ ಕೊಡ್ತೀನಿ ಅಂದಿದ್ರಲ್ಲ.”

ಮುದುಕರು ಎರಡೂ ಕೈಯಲ್ಲಿ ಬಾವುಟ ಹಿಡಿದು ಕಣ್ಣಿನ ಹತ್ತಿರ ತಂದರು. ಹೆಬ್ಬೆರಳಿನಿಂದ ತೂತನ್ನು ಸವರಿದರು. “ಹೌದು, ಇದೇ. ನಮ್ಮ ಬೋಜಂದು,” ಎಂದು ಎದೆಗೊತ್ತಿಕೊಂಡರು.

ಯಮುನಳಿಗೆ ಉಸಿರು ಬಂದಂತಾಯಿತು. ಆದರೆ ನಾಲ್ಕು ಹೆಜ್ಜೆ ಇಟ್ಟವಳು ತಿರುಗಿ ಆ ಬಾವುಟವನ್ನು ಮತ್ತೊಮ್ಮೆ ನೋಡಿದಳು.

ಚಟ್ಟ ಎತ್ತಿದರು. ಗದ್ದೆಯ ಏರಿಗೆ ಬರುವಾಗ ಹೂಮಳೆ ಹನಿಯತೊಡಗಿತು. ಕಾಫಿ ಹೂವಿಗೆ ಬೇಕಾದ ಮಳೆ. ಯಾರೂ ಕೊಡೆ ತಂದಿರಲಿಲ್ಲ. ಬೆಳ್ಳಿಯಪ್ಪ ಬಾವುಟವನ್ನು ಎದೆಗೆ ಒತ್ತಿಕೊಂಡೇ ನಡೆಯುತ್ತಿದ್ದರು. ಹನಿ ಜೋರಾಯಿತು. ಅವರ ಬೆರಳ ಸಂದಿಯಿಂದ ಕೆಂಪು ನೀರು ಇಳಿದು ತೆರೆದ ಕೋಟಿನೊಳಗಿನ ಬಿಳಿ ಅಂಗಿಗೆ ಹತ್ತುವುದನ್ನು ಯಮುನ ಕಂಡಳು.

ಸಂತೆಯಲ್ಲಿ ತಂದ ಬಣ್ಣದ ಪುಡಿ. ಅವನದೇ ಕೆಲಸ.

ಹೆಂಗಸರ ಗುಂಪು ಬಿಟ್ಟು ಮನೆಗೆ ಓಡಿದಳು. “ಯಮುನ,” ಎಂದು ಪೊನ್ನಮ್ಮ ಸೆರಗು ಹಿಡಿಯಹೋದಳು, ಕೈಗೆ ಸಿಗಲಿಲ್ಲ. ಇನ್ನೊಂದು ಬಾವುಟವನ್ನು ಮಳೆಗೆ ಹೊದೆಯುವ ಗೊರಬೆಯಡಿ ಇಟ್ಟುಕೊಂಡು, ಏದುಸಿರು ಬಿಡುತ್ತಾ ಬಂದು ಮುದುಕನ ಎದುರು ನಿಂತಳು. ಹಿಂದಿನವರೆಲ್ಲ ನಿಂತರು.

“ತಪ್ಪಾಯ್ತು ಅಣ್ಣ. ನಿಮ್ಮ ಕೈಲಿರೋದು ಇವರು ಮಾಡಿದ್ದು. ನಿಮ್ಮದು ಇದು.”

ಬೆಳ್ಳಿಯಪ್ಪ ತಮ್ಮ ಅಂಗೈ ನೋಡಿಕೊಂಡರು. ಬಹಳ ಹೊತ್ತು ಎರಡು ಬಾವುಟಗಳನ್ನೂ ನೋಡಿದರು. “ಕತ್ತಲೆಯಲ್ಲಿ ಕೊಟ್ಟರೂ ಗುರುತು ಹಿಡೀತೀನಿ ಅಂದುಕೊಂಡಿದ್ದೆ,” ಅಂದರು. ತಮ್ಮದನ್ನು ತೆಗೆದುಕೊಂಡು ಕೋಟಿನ ಒಳಜೇಬಿನಲ್ಲಿ ನೆನೆಯದಂತೆ ಇಟ್ಟುಕೊಂಡರು. ಒದ್ದೆಯದನ್ನು ಅವಳ ಕಡೆ ಚಾಚಿದರು. “ಇದನ್ನು ಅವನ ಜೊತೆ ಚಿತೆಗೆ ಹಾಕ್ತೀಯಮ್ಮ?”

“ಇಲ್ಲ ಅಣ್ಣ,” ಅಂದಳು ಯಮುನ. “ನಾನಿನ್ನೂ ಅದನ್ನ ಸರಿಯಾಗಿ ನೋಡಿಲ್ಲ.”

*

ಎಲ್ಲ ಮುಗಿದಾಗ ಮಧ್ಯಾಹ್ನ ಕಳೆದಿತ್ತು. ಹೊರಗಿನವರು ಬಸ್ಸು ಹತ್ತಿದರು. ಮಳೆ ನಿಂತು ಬಿಸಿಲು ಬಿದ್ದಿತ್ತು. ಬೆಳ್ಳಿಯಪ್ಪ ಕಿಟಕಿಯ ಪಕ್ಕ ಕೂತರು. ಯಮುನ ಜಗಲಿಯ ಕಂಬ ಹಿಡಿದು ನೋಡಿದಳು. ಅವರ ಬಿಳಿ ಅಂಗಿಯ ಎದೆಯ ಮೇಲೆ ಮೂರು ಮೂಲೆಯ ಕೆಂಪು ಅಚ್ಚು ಒಣಗುತ್ತಿತ್ತು. ಅಕ್ಷರಗಳಿದ್ದ ಕಡೆ ಮಾತ್ರ ಬಿಳಿ ಉಳಿದಿತ್ತು. ಪಕ್ಕದವನು ಏನೋ ಹೇಳಿ ಅತ್ತ ಬೆರಳು ತೋರಿಸಿದ. ಮುದುಕರು ತಲೆ ಬಗ್ಗಿಸಿ ಅದನ್ನೊಮ್ಮೆ ನೋಡಿಕೊಂಡರು. ಕೋಟಿನ ಗುಂಡಿ ಹಾಕಿಕೊಳ್ಳದೆ ಹಾಗೇ ಕೂತರು, ಬಸ್ಸು ತಿರುವಿನಲ್ಲಿ ಮರೆಯಾಗುವವರೆಗೂ.