ಐದು ಮಿಷನ್ನಿಗೆ ಒಂದೇ ರೋಲರು

"ಇವತ್ತೊಂದಿನ ಆ ರೋಲರು ಬಿಚ್ಚಿ ಕೊಡ್ರಿ ಜಯಪ್ಪ. ನಾಳೆ ಮತ್ತೆ ಹಾಕಿದ್ರಾತು. ಕಬ್ಬಿಣ ಏನು ಸವೆದು ಹೋಗ್ತದಾ?" ಅಂದರು ಸಾಹುಕಾರ ಉಚ್ಚಂಗಪ್ಪನವರು, ಎಲೆಗೆ ಸುಣ್ಣ ಸವರುತ್ತ.

ಶಿಕಾರಿಪುರದಲ್ಲಿ ಭತ್ತದ ಮಿಷನ್ನು ತಯಾರಿಸುವ ಅವರ ಕಂಪನಿಗೆ ಜಯಪ್ಪ ಎಂಜಿನಿಯರು. ಐದು ಮಿಷನ್ನಿಗೂ ಅವನೇ ನಕ್ಷೆ ಬರೆದು, ಅವನೇ ನಿಂತು ಜೋಡಿಸಿದ್ದ. ಆದರೆ ಅಕ್ಕಿ ನುಚ್ಚಾಗದಂತೆ ಹೊಟ್ಟು ಬಿಡಿಸುವ ರೋಲರು ಐದಕ್ಕೂ ಸೇರಿ ಒಂದೇ. ಅದನ್ನು ಲೇತಿನ ಮೇಲೆ ಕಡೆದವನು ತೊಗರ್ಸಿಯ ಚೌಡಪ್ಪ. ಉಳಿದ ನಾಲ್ಕಕ್ಕೆಂದು ತರಿಸಿದ ಒಳ್ಳೆಯ ಬೀಡು ಕಬ್ಬಿಣವನ್ನು ಸಾಹುಕಾರರು ಗೇಟಿನ ಮೇಲೆ ತಮ್ಮ ಹೆಸರಿನ ಕಮಾನು ಎರೆಸುವುದಕ್ಕೆ ಕರಗಿಸಿಬಿಟ್ಟಿದ್ದರು. ಅಂದಿನಿಂದ ಯಾವ ಗಿರಾಕಿ ನೋಡಲು ಬರುತ್ತಾನೋ ಅವನ ಮಿಷನ್ನಿಗೆ ಆ ರೋಲರು ಏರುವುದು, ಅವನು ಬೆನ್ನು ತಿರುಗಿಸಿದ ಮೇಲೆ ಇಳಿಯುವುದು. ಐವರೂ ತಮ್ಮದು ತಯಾರಾಯಿತೆಂದು ನಗುನಗುತ್ತ ಊರಿಗೆ ಹೋಗಿದ್ದರು.

ಇವತ್ತು ಹೊರಡಬೇಕಾದದ್ದು ಚೌಡಪ್ಪನ ಅಕ್ಕ, ಸೊರಬದ ವರದಮ್ಮನ ಮಿಷನ್ನು. ಈ ಮೋಸ ನೋಡಲಾರದೆ ಚೌಡಪ್ಪ ಕೆಲಸ ಬಿಡುತ್ತೇನೆಂದು ಹೊರಟಾಗ ಅವನನ್ನು ತಡೆದವನು ಜಯಪ್ಪನೇ. "ಅಕ್ಕನ ಮಿಷನ್ನು ಪೂರ್ತಿಯಾಗಿ ಹೋಗ್ತದೆ, ನನ್ನ ಮಾತು" ಅಂದಿದ್ದ.

"ಸೊರಬದಿಂದ ಗಾಡಿ ಹೊರಟಾಗಿದೆ ಸಾಹುಕಾರ್ರೆ."

"ಬರ್ಲಿ, ಎತ್ತಿಗೆ ನೀರು ಕುಡಿಸ್ರಿ. ದಾವಣಗೆರಿ ವರ್ತಕರು ಮಧ್ಯಾಹ್ನ ಬರ್ತಾರ, ಮೂರು ಮಿಷನ್ ಕೇಳ್ಯಾರ. ಇದು ಗಾಡಿ ಏರಿಬಿಟ್ರ ಅವರಿಗೇನು ತೋರಿಸ್ತೀರಿ? ಬ್ಯಾರೆ ಮಿಷನ್ನಿಗೆ ಹಾಕಿ ಓಡಿಸ್ರಿ."

"ಒಪ್ಪಿಕೊಂಡಿದ್ದನ್ನೇ ಕೊಡಕಾಗಿಲ್ಲ."

"ಅದಕ್ಕೇ ಅಲ್ರೀ ನಿಮ್ಮಂಥ ಬುದ್ಧಿವಂತರನ್ನ ಇಟ್ಕಂಡಿರೋದು."

ಜಯಪ್ಪ ಸ್ಪ್ಯಾನರು ತಗೊಂಡು ವರದಮ್ಮನ ಮಿಷನ್ನಿನ ಮುಂದೆ ಕೂತ. ಲೇತಿನ ಸದ್ದು ನಿಂತಿತು. ಚೌಡಪ್ಪ ಬಂದು ಪಕ್ಕದಲ್ಲಿ ನಿಂತ.

"ಯಾರಿಗೆ?"

"ದಾವಣಗೆರೆಯವರು ನೋಡಕ್ಕೆ ಬರ್ತಾರಂತೆ. ನಾಳೆ ಮತ್ತೆ..."

"ನಾಳೆ ಅನ್ಬ್ಯಾಡಣ್ಣ. ಸಾಹುಕಾರನ ಬಾಯಾಗ ಕೇಳಿ ಕೇಳಿ ಸಾಕಾಗೇತಿ." ಚೌಡಪ್ಪ ಕುಕ್ಕರುಗಾಲಲ್ಲಿ ಕೂತ. "ಕೊಡಿಲ್ಲಿ ಸ್ಪ್ಯಾನರು. ನಿಂಗೆ ನಕ್ಷೆ ಬರಿಯಾಕ ಬರ್ತದ, ಬಿಚ್ಚಾಕ ಬರಲ್ಲ. ಬೋಲ್ಟಿನ ಥ್ರೆಡ್ಡು ಕೆಡಿಸ್ತೀಯ."

ತಾನೇ ಕೂರಿಸಿದ ರೋಲರನ್ನು ತಾನೇ ಬಿಚ್ಚಿದ. ಮಲಗಿದ ಮಗುವನ್ನು ಎತ್ತುವ ಹಾಗೆ ಹೊರಗೆ ತೆಗೆದು, ಎಣ್ಣೆ ಒರೆಸಿ, ಹೆಗಲ ಟವಲಿನಲ್ಲಿ ಸುತ್ತಿ ಜಯಪ್ಪನ ತೊಡೆಯ ಮೇಲಿಟ್ಟ. ಆಮೇಲೆ ಸೀಮೆಎಣ್ಣೆಯಲ್ಲಿ ಕೈ ತೊಳೆಯತೊಡಗಿದ. ಊಟಕ್ಕೆ ಹೊರಡುವಾಗ ತೊಳೆಯುವ ಹಾಗಲ್ಲ, ಉಗುರಿನ ಸಂದಿಯನ್ನೂ ಬಿಡದೆ ತೊಳೆದ.

"ಅಕ್ಕನಿಗೆ ನಾನೇ ಹೇಳ್ತೀನಿ ಚೌಡಪ್ಪ."

"ನೀನು ಹೇಳಿದ್ದು ಆತಲ್ಲಣ್ಣ."

ಅಷ್ಟಂದು ಬಸ್‌ಸ್ಟ್ಯಾಂಡಿನ ಕಡೆ ನಡೆದುಬಿಟ್ಟ. ಟವಲು ಬಿಟ್ಟು ಹೋದದ್ದು ಮರೆತಲ್ಲ ಅನ್ನುವುದು ಜಯಪ್ಪನಿಗೆ ಗೊತ್ತಿತ್ತು.

ದಾವಣಗೆರೆಯವರ ಮುಂದೆ, ಆ ರೋಲರು ಏರಿಸಿದ ಇನ್ನೊಂದು ಮಿಷನ್ನು ಹೂವಿನ ಹಾಗೆ ಓಡಿತು. ಅವರು ಅಕ್ಕಿಯನ್ನು ಅಂಗೈಯಲ್ಲಿ ಹರವಿಕೊಂಡು ತಲೆದೂಗಿದರು. ಸಾಹುಕಾರರು ಅವರನ್ನು ಗೇಟಿನವರೆಗೂ ಕರೆದೊಯ್ದು ಕಮಾನು ತೋರಿಸಿದರು.

ಅದೇ ಕಮಾನಿನ ಕೆಳಗೆ ವರದಮ್ಮನ ಗಾಡಿ ಹೊಡೆದುಕೊಂಡು ಪುಟ್ಟಪ್ಪ ಒಳಗೆ ಬಂದ.

"ಎಲ್ಲಿದೆ ಮಾರಾಯ್ರೆ ಮಿಷನ್ನು? ದಾರೀಲಿ ಕುಲುಕ್ಬಾರ್ದು ಅಂತ ವರದಕ್ಕ ಗಾಡಿ ತುಂಬಾ ಹುಲ್ಲು ಹಾಸಿ ಕಳ್ಸಿದಾರೆ. ಶೆಡ್ಡಿನ ಬಾಗ್ಲಿಗೆ ತೋರಣನೂ ಕಟ್ಟಾಯ್ತು."

"ಇವತ್ತಾಗಲ್ಲ ಪುಟ್ಟಪ್ಪ."

"ಮತ್ಯಾವಾಗ?"

ಜಯಪ್ಪ ಕೈಯಲ್ಲಿದ್ದ ಟವಲನ್ನು ಮಡಿಸಿದ, ಬಿಡಿಸಿದ, ಮತ್ತೆ ಮಡಿಸಿದ.

"ನಾಳೆ" ಅಂದ.

ಪುಟ್ಟಪ್ಪ ನೊಗ ಕಳಚಿದ. ಹಸಿದಿದ್ದ ಎತ್ತುಗಳು ಗಾಡಿಯೊಳಕ್ಕೆ ಮೂತಿ ಹಾಕಿ, ಮಿಷನ್ನಿಗೆಂದು ಹಾಸಿದ್ದ ಹುಲ್ಲನ್ನು ಎಳೆದೆಳೆದು ಮೇಯತೊಡಗಿದವು.