ಆಷಾಢದಲ್ಲಿ ಬೇಡ

ಸುರಭಿಯ ಯಾವ ಪರೀಕ್ಷೆಗೂ ಅವಳ ಅಪ್ಪ ಚಕ್ರಪಾಣಿಯವರು ಪಂಚಾಂಗ ತೆಗೆದವರಲ್ಲ. ಎಸ್ಸೆಸ್ಸೆಲ್ಸಿ ಅಮಾವಾಸ್ಯೆಯ ದಿನ ಶುರುವಾದಾಗ, "ಬೋರ್ಡ್‌ನೋರು ಕೊಟ್ಟ ಡೇಟು, ಏನ್ ಮಾಡಕ್ಕಾಗತ್ತೆ" ಎಂದು ತಾವೇ ಸ್ಕೂಟರಿನಲ್ಲಿ ಕೂರಿಸಿಕೊಂಡು ಹೋಗಿ ಬಿಟ್ಟು ಬಂದಿದ್ದರು. ನೀಟ್ ಭಾನುವಾರದ ರಾಹುಕಾಲದೊಳಗೇ ಕಾಲಿಟ್ಟಾಗಲೂ ಅವರು ಗೇಟಿನಾಚೆ ಎಳನೀರು ಹಿಡಿದು ನಿಂತಿದ್ದರು. ಆದರೆ ಅಮೆರಿಕದ ಡಾಕ್ಟರ್ ಲೈಸೆನ್ಸಿನ ಪರೀಕ್ಷೆ ಇದೆಯಲ್ಲ, ಅದರ ದಿನವನ್ನು ಬರೆಯುವವರೇ ಆರಿಸಿಕೊಳ್ಳಬೇಕು. ಎಡವಟ್ಟಾದದ್ದೇ ಅಲ್ಲಿ. ಆರಿಸಿಕೊಳ್ಳಬಹುದು ಅಂದಮೇಲೆ ಒಳ್ಳೆಯ ದಿನವನ್ನೇ ಆರಿಸಬೇಕಲ್ಲ!

ಸುರಭಿಗೆ ಸರ್ಜರಿ ಬೇಕಿತ್ತು. ಬೇರೇನೂ ಬೇಡ, ಸರ್ಜರಿಯೇ. ಹೊರದೇಶದಿಂದ ಬಂದವರಿಗೆ ಅಲ್ಲಿ ಸರ್ಜರಿ ಸೀಟು ಸಿಗುವುದೆಂದರೆ ಹುಡುಗಾಟವಲ್ಲ. ಎರಡು ತಿಂಗಳು ಅಲ್ಲಿನ ಆಸ್ಪತ್ರೆಯೊಂದರಲ್ಲಿ ಸರ್ಜನ್ ಒಬ್ಬರ ಹಿಂದೆ ನಿಂತು ಕಲಿತು ಬಂದಿದ್ದಳು. ಹೊರಡುವಾಗ ಆತ ಹೇಳಿದ್ದು ಒಂದೇ ಮಾತು: ಮೊದಲ ಪರೀಕ್ಷೆಗೆ ಈಗ ಅಂಕವೇ ಇಲ್ಲ, ಬರೀ ಪಾಸು ಫೇಲು. ನಾವು ನೋಡುವುದು ಎರಡನೆಯದರ ಅಂಕ. ಸೆಪ್ಟೆಂಬರಿನಲ್ಲಿ ಅರ್ಜಿಗಳು ನಮ್ಮ ಕೈಗೆ ಬರುವ ದಿನ ಆ ಅಂಕ ನಿನ್ನ ಅರ್ಜಿಯಲ್ಲಿರಲಿ, ತಡವಾದರೆ ನಿನ್ನ ಹೆಸರನ್ನೇ ಯಾರೂ ಓದುವುದಿಲ್ಲ. ಅದನ್ನು ಮನಸ್ಸಿನಲ್ಲಿಟ್ಟುಕೊಂಡು ಅವಳು ಎರಡನೆಯ ಪರೀಕ್ಷೆಗೆ ಜುಲೈ ಮೊದಲ ವಾರದ ಸ್ಲಾಟ್ ಹಿಡಿದಿದ್ದಳು.

ಜಯನಗರದ ಆ ಮನೆಯಲ್ಲಿ ತಿಂಡಿಯ ಹೊತ್ತಿಗೇ ಎಲ್ಲ ತೀರ್ಮಾನಗಳೂ ಆಗುತ್ತವೆ. ಉಪ್ಪಿಟ್ಟಿನ ತಟ್ಟೆ ಹಿಡಿದ ಚಕ್ರಪಾಣಿಯವರು ಗೋಡೆಯ ಕ್ಯಾಲೆಂಡರ್ ಹತ್ತಿರ ಹೋಗಿ ಕನ್ನಡಕ ಮೇಲೆತ್ತಿ ನೋಡಿದರು.

"ಜುಲೈ ಮೊದಲನೇ ವಾರ ಅಂದ್ರೆ ಆಷಾಢ ಅಲ್ವೇನೇ?"

"ಹೌದಪ್ಪ. ಅದಕ್ಕೇನೀಗ?"

"ಆಷಾಢದಲ್ಲಿ ಬೇಡ ಪುಟ್ಟಾ. ಶ್ರಾವಣ ಬರಲಿ, ಆರಾಮಾಗಿ ಬರಿ."

"ಅಣ್ಣ ಕೆಲಸಕ್ಕೆ ಸೇರಿದ್ದು ಆಷಾಢದಲ್ಲೇ ಅಲ್ವಾ? ಆಗ ನೀವೇನೂ ಅನ್ಲಿಲ್ಲ."

"ವಿಷ್ಣೂದು ಕಂಪನಿಯೋರು ಕೊಟ್ಟ ಡೇಟು. ಇದು ನೀನೇ ಆರಿಸ್ಕೊಂಡಿರೋದು. ಗೊತ್ತಿದ್ದೂ ಗೊತ್ತಿದ್ದೂ ಯಾರಾದ್ರೂ ಹೋಗಿ ಬೀಳ್ತಾರಾ?"

ಸರ್ಜನ್ ಹೇಳಿದ್ದನ್ನು ಸುರಭಿ ಬಿಡಿಸಿ ಹೇಳಿದಳು. ಫಲಿತಾಂಶ ಬರಲಿಕ್ಕೆ ವಾರಗಟ್ಟಲೆ ಹಿಡಿಯುತ್ತದೆ, ಶ್ರಾವಣದ ಸ್ಲಾಟುಗಳಿಗೆ ಎಲ್ಲರೂ ಮುಗಿಬೀಳುತ್ತಾರೆ ಎಂದಳು. "ಒಂದು ತಿಂಗಳಲ್ಲಿ ಏನೂ ಮುಳುಗಿಹೋಗಲ್ಲ" ಎಂದರು ಅಪ್ಪ. ಅಷ್ಟರಲ್ಲಿ ಅಡಿಗೆಮನೆಯ ಬಾಗಿಲಿಗೆ ಬಂದು ನಿಂತ ಅಮ್ಮ ವಿಮಲಾ, ಸೆರಗಿಗೆ ಕೈ ಒರೆಸುತ್ತ, "ಅಪ್ಪನ ಮಾತು ಮೀರಿ ಹೋಗಿ, ನಾಳೆ ಏನಾದ್ರೂ ಹೆಚ್ಚುಕಮ್ಮಿ ಆದ್ರೆ?" ಎಂದರು.

ಹೆಚ್ಚುಕಮ್ಮಿ! ಹೊಟ್ಟೆ ಕೊಯ್ಯಲು ಹೆದರದ ಹುಡುಗಿ ಆ ಒಂದು ಮಾತಿಗೆ ಹೆದರಿದಳು. ಅಂಕ ಕಡಿಮೆ ಬಂದರೆ ಜೀವಮಾನವಿಡೀ ಕೇಳಬೇಕಾದ 'ಆಗಲೇ ಹೇಳಿದ್ದೆವಲ್ಲ' ಅವಳ ಕಿವಿಯಲ್ಲಿ ಈಗಲೇ ಗುಂಯ್‌ಗುಟ್ಟಿತು. ಲ್ಯಾಪ್‌ಟಾಪ್ ತೆರೆದು ಸ್ಲಾಟ್ ಬಿಡುವ ಮೊದಲು ಇಟ್ಟಮಡುವಿನ ಶಿವಕಿರಣನಿಗೆ ಫೋನ್ ಮಾಡಿದಳು. ಒಟ್ಟಿಗೆ ಓದುತ್ತಿದ್ದವನು, ಅವನಿಗೂ ಸರ್ಜರಿಯೇ ಬೇಕು. ಬೆಂಗಳೂರಿನಲ್ಲಿ ಸ್ಲಾಟ್ ಸಿಗದೆ ಹೈದರಾಬಾದಿಗೆ ಹೊರಟಿದ್ದ.

"ಮಗಾ, ತಲೆ ಕೆಟ್ಟಿದ್ಯಾ ನಿಂಗೆ? ಬಿಡ್ಬೇಡ," ಎಂದ.

"ಮನೇಲಿ ಒಪ್ತಿಲ್ಲ ಕಣೋ."

"ಹಂಗಾದ್ರೆ... ಬಿಡೋದೇ ಆದ್ರೆ ಯಾವಾಗ ಬಿಡ್ತೀಯ ಹೇಳು. ತಪ್ಪು ತಿಳ್ಕೋಬೇಡ."

ಅವಳೇನೂ ತಪ್ಪು ತಿಳಿಯಲಿಲ್ಲ. ಅವಳು ಬಿಟ್ಟಳು, ಅವನು ಹಿಡಿದ.

ಶ್ರಾವಣದಲ್ಲಿ ಒಂದೇ ಒಂದು ಜಾಗ ಖಾಲಿ ಇರಲಿಲ್ಲ. ದಿನಾ ಬೆಳಗ್ಗೆ ಎದ್ದು ಹುಡುಕಿ ಹುಡುಕಿ ಕಡೆಗೆ ಸಿಕ್ಕಿದ್ದು ಗಣೇಶನ ಹಬ್ಬ ಕಳೆದ ಮೇಲೆ, ಸೆಪ್ಟೆಂಬರ್ ಮೊದಲಲ್ಲಿ. ಚಕ್ರಪಾಣಿಯವರಿಗೆ ಪರಮ ಸಂತೋಷ. "ವಿಘ್ನೇಶ್ವರ ಬಂದು ಹೋದ್ಮೇಲೆ ವಿಘ್ನ ಎಲ್ಲಿಂದ ಬರಬೇಕು? ಪಿತೃಪಕ್ಷಕ್ಕೂ ಮುಂಚೇನೇ ಮುಗಿಯತ್ತೆ!"

ಪರೀಕ್ಷೆ ಚೆನ್ನಾಗಿಯೇ ಆಯಿತು. ಆದರೆ ಸೆಪ್ಟೆಂಬರ್ ಕಡೆಯ ವಾರ ಅರ್ಜಿಗಳು ಆಸ್ಪತ್ರೆಗಳಿಗೆ ಹೋದಾಗ ಸುರಭಿಯ ಅರ್ಜಿಯಲ್ಲಿ ಅಂಕದ ಜಾಗ ಖಾಲಿಯಾಗಿತ್ತು. ಅಂಕ ಬಂದದ್ದು ಅಕ್ಟೋಬರಿನಲ್ಲಿ. ಎಂಥ ಅಂಕ ಅಂತೀರಿ! ಶಿವಕಿರಣನಿಗಿಂತ ಎಷ್ಟೋ ಜಾಸ್ತಿ. ಚಕ್ರಪಾಣಿಯವರು ಪಾರ್ಕಿನಲ್ಲಿ ವಾಕಿಂಗಿಗೆ ಬರುವವರಿಗೆಲ್ಲ ಮೈಸೂರು ಪಾಕ್ ಹಂಚಿ, "ನಾನೇ ಮುಂದಕ್ಕೆ ಹಾಕಿಸಿದ್ದು" ಎಂದು ಹೇಳಿಕೊಂಡು ಬಂದರು. ಮಗಳಿಗೆ ಒಳಗೊಳಗೇ ಮೈ ಉರಿಯಿತು. ಆದರೂ ಇನ್ನೂ ಆಸೆಯಿತ್ತಲ್ಲ.

ಸರ್ಜರಿಗೆ ಒಂದು ಆಸ್ಪತ್ರೆಯೂ ಸಂದರ್ಶನಕ್ಕೆ ಕರೆಯಲಿಲ್ಲ. ಅವಳು ಹಿಂದೆ ನಿಂತು ಕಲಿತಿದ್ದ ಸರ್ಜನ್ ಮಾತ್ರ ಉತ್ತರ ಬರೆದರು: ನಿನ್ನ ಅಂಕ ಬರುವಷ್ಟರಲ್ಲಿ ನಮ್ಮ ಪಟ್ಟಿ ಮುಗಿದಿತ್ತು, ನನಗೆ ಬೇಜಾರಾಗಿದೆ. ಮಾರ್ಚಿನಲ್ಲಿ ಶಿವಕಿರಣನಿಗೆ ಸೀಟು ಸಿಕ್ಕಿತು. ಸ್ವೀಟ್ ಬಾಕ್ಸ್ ತಂದು ಕೊಟ್ಟವನು ಮುಖ ಎತ್ತಲಿಲ್ಲ. ಪಾಪ, ಅವನದೇನು ತಪ್ಪು? ಸುರಭಿ ಒಂದು ಪೇಡ ಬಾಯಿಗೆ ಹಾಕಿಕೊಂಡು, "ಸಖತ್ ಖುಷಿ ಆಯ್ತು ಕಣೋ" ಎಂದಳು. ಅವನು ಹೋದ ಮೇಲೆ ಬಚ್ಚಲಿಗೆ ಹೋಗಿ ನಲ್ಲಿ ಬಿಟ್ಟುಕೊಂಡು ಅತ್ತಳು.

"ನಿನ್ನ ಹಣೇಲಿ ಬರೆದಿರಲಿಲ್ಲ, ಬಿಡು," ಎಂದರು ಅಪ್ಪ.

ಹಣೆಯಂತೆ ಹಣೆ! ಬರೆದವರು ಎದುರಿಗೇ ಕೂತು ಕಾಫಿ ಕುಡಿಯುತ್ತಿದ್ದರು.

ಮತ್ತೆ ಅರ್ಜಿ ಹಾಕುತ್ತೇನೆ ಎಂದುಕೊಂಡು ಅವಳು ಬಿಟಿಎಂ ಲೇಔಟಿನ ನರ್ಸಿಂಗ್ ಹೋಮ್ ಒಂದಕ್ಕೆ ಡ್ಯೂಟಿ ಡಾಕ್ಟರಾಗಿ ಸೇರಿದಳು. ಜ್ವರ, ಭೇದಿ, ಬೈಕಿನಿಂದ ಬಿದ್ದವರ ಮಂಡಿಗೆ ಡ್ರೆಸ್ಸಿಂಗ್. ಜೂನ್ ಬಂತು. ಒಂದು ಬೆಳಗ್ಗೆ, ಅದೇ ತಿಂಡಿಯ ಹೊತ್ತು, ಅದೇ ಉಪ್ಪಿಟ್ಟು. ಚಕ್ರಪಾಣಿಯವರು ಫೋನಿನಲ್ಲಿ ನಗುನಗುತ್ತ ಮಾತು ಮುಗಿಸಿ ಬಂದು ಕೂತರು.

"ಬನಶಂಕರಿ ಸಂಬಂಧದೋರು ಒಪ್ಪಿದಾರೆ ಕಣೇ. ಹುಡುಗ ಜುಲೈ ಕೊನೇ ವಾರ ಬರ್ತಾನಂತೆ. ನಿಂಗೂ ಒಪ್ಪಿಗೆ ಆದ್ರೆ ಅವತ್ತೇ ನಿಶ್ಚಿತಾರ್ಥ ಮುಗಿಸ್ಬಿಡೋಣ."

"ಡಾಕ್ಟರು, ಅಮೆರಿಕದಲ್ಲಿ," ಅಮ್ಮ ಸಂಭ್ರಮದಿಂದ ಸೇರಿಸಿದರು. "ಸರ್ಜರೀನೇ ಅಂತೆ. ನಿನ್ನಿಷ್ಟದ್ದೇ!"

ಸುರಭಿ ಎದ್ದು ಕ್ಯಾಲೆಂಡರ್ ಹತ್ತಿರ ಹೋದಳು. ಹಾಳೆ ತಿರುಗಿಸಿದಳು.

"ಅಪ್ಪ, ಅದು ಆಷಾಢ."

"ಅಯ್ಯೋ, ನೋಡಿದೀನಿ. ಪುರೋಹಿತರನ್ನೂ ಕೇಳಿದೆ. ಒಂದು ಶಾಂತಿ ಮಾಡಿಸಿದ್ರೆ ಏನೂ ದೋಷ ಇಲ್ವಂತೆ. ಪಾಪ, ಅಷ್ಟು ಕಷ್ಟಪಟ್ಟು ಸೀಟು ತಗೊಂಡಿರೋ ಹುಡುಗ, ಅವನ ರಜಾನ ನಮ್ಮಿಷ್ಟಕ್ಕೆ ಹಿಂದೆ ಮುಂದೆ ಮಾಡಕ್ಕಾಗತ್ತಾ?"

ಶಾಂತಿ. ಹಾಗಾದರೆ ಅಂಥದ್ದೊಂದು ದಾರಿ ಇತ್ತು. ಹೋದ ವರ್ಷವೂ ಇತ್ತು. ಇದೇ ಪುರೋಹಿತರು, ಇದೇ ಫೋನು. ಅವಳಿಗೋಸ್ಕರ ಯಾರೂ ಕೇಳಿರಲಿಲ್ಲ, ಅಷ್ಟೇ. ಅಳು ಬರುತ್ತದೆ ಅಂದುಕೊಂಡಳು, ಬರಲಿಲ್ಲ. ಬಂದದ್ದು ಸಿಟ್ಟು. ಅದೂ ಬೊಬ್ಬೆ ಹೊಡೆಯುವ ಸಿಟ್ಟಲ್ಲ. ಬ್ಯಾಗು ಹೆಗಲಿಗೇರಿಸಿ, ಬಿಳಿ ಕೋಟನ್ನು ತೋಳಿನ ಮೇಲೆ ಹಾಕಿಕೊಂಡು ಬಾಗಿಲಲ್ಲಿ ತಿರುಗಿ ನಿಂತಳು.

"ಆಷಾಢದಲ್ಲಿ ಬೇಡ ಅಪ್ಪ. ಶ್ರಾವಣ ಬರಲಿ."

"ಶ್ರಾವಣದಲ್ಲಿ ಅವನಿಗೆ ರಜಾ ಇಲ್ವಲ್ಲೇ! ಸಂಬಂಧ ತಪ್ಪಿಹೋಗತ್ತೆ!"

"ಗೊತ್ತು," ಎಂದು ಸುರಭಿ ಚಪ್ಪಲಿ ಮೆಟ್ಟಿಕೊಂಡಳು.