ನೊಲೀನಳ ಚಕ್ರಗಳಿಗೊಂದು ಫ್ರೇಮು

1

ಎಲ್ಲಿಂದ ಶುರು ಮಾಡಲಿ ಮಾರಾಯರೇ? ಶೆಡ್ಡಿನ ತೊಲೆಗೆ ನೇತುಹಾಕಿದ ಎರಡು ಹಳೆಯ ರೇಸ್ ಸೈಕಲ್ ಚಕ್ರಗಳಿಂದ ಶುರು ಮಾಡಿದ್ದೆ. ಹಗುರ ಅಂದರೆ ಅಷ್ಟು ಹಗುರ, ಕಿರುಬೆರಳಿಗೆ ಸಿಕ್ಕಿಸಿಕೊಂಡು ಓಡಾಡಬಹುದು. 'ಡಾರಿಲ್ ತೀರಿಕೊಂಡು ವರ್ಷವಾಗಿತ್ತು. ಹೆಂಡತಿ ನೊಲೀನ್ ಅವನ ಚಕ್ರಗಳಿಗೆ ಹೊಂದುವ ಹಳೇ ಫ್ರೇಮ್ ಹುಡುಕುತ್ತಿದ್ದಳು' ಎಂದು ಬರೆದು, ಚಹಾ ಮಾಡಲು ಎದ್ದೆ.

ಅಷ್ಟರಲ್ಲಿ ನೊಲೀನ್ ಒಳಗೆ ಬಂದಳು.

"ಯಾರು ಸತ್ತಿದ್ದು? ಅವನು ಹೊರಗೆ ಕೂತು ಚಿಪ್ಪುಮೀನಿನ ಸ್ಕಾಲಪ್ ಪೈ ತಿಂತಾ ಇದಾನೆ. ಮತ್ತೆ, ಚಕ್ರ ಅವನದು ಅಂತ ಯಾರಪ್ಪಾ ಹೇಳಿದ್ದು ನಿಂಗೆ? ನಂದು! ಕಟ್ಟಿದ್ದು ಅವನು, ನಂಗೋಸ್ಕರ."

(ಹೋಯಿತು, ಬರೆದದ್ದೆಲ್ಲ ಕಸದ ಬುಟ್ಟಿಗೆ.)

2

ಸರಿ, ತಿದ್ದಿದ್ದೇನೆ. ಡಾರಿಲ್ ಬದುಕಿದ್ದಾನೆ. ಮದುವೆಗೆ ಮುಂಚೆ ಒಂದೊಂದೇ ಕಡ್ಡಿ ಪೋಣಿಸಿ ಅವಳಿಗೆ ಈ ಚಕ್ರ ಕಟ್ಟಿಕೊಟ್ಟ. ಆ ವರ್ಷ ಹೆಂಗಸರ ರೇಸೇ ನಡೆಯಲಿಲ್ಲ. ಆಮೇಲೆ ಮಕ್ಕಳು, ಆಲೂಗೆಡ್ಡೆ ಹೊಲ, ಮೊಮ್ಮಕ್ಕಳು. ಫ್ರೇಮ್ ಕೊಳ್ಳುವುದು ಹಾಗೇ ಉಳಿಯಿತು. ಈ ಕ್ರಿಸ್‌ಮಸ್‌ಗೆ ಲ್ಯಾಟ್ರೋಬ್ ಊರಿನ ಸೈಕಲ್ ರೇಸ್ ಟ್ರ್ಯಾಕಿನಲ್ಲಿ ಹಳಬರಿಗೆಂದು ಒಂದು ಸುತ್ತು ಇಟ್ಟಿದ್ದಾರೆ. ಡಾರಿಲನ ಕಣ್ಣು ಹೋಗುತ್ತಿದೆ, ಹತ್ತಿರದ್ದು ಈಗಲೇ ಮಸುಕು, ಮುಂದಿನ ಕ್ರಿಸ್‌ಮಸ್ ಅವನಿಗೆ ಕಾಣುವುದಿಲ್ಲ. ಆ ಚಕ್ರಗಳ ಮೇಲೆ ಅವಳು ಹೋಗುವುದನ್ನು ಒಮ್ಮೆ ನೋಡಬೇಕು, ಅಷ್ಟೇ ಅವನ ಆಸೆ.

2, ಮತ್ತೆ

ಫ್ರೇಮುಗಳನ್ನು ಮರೆತೆ ನೋಡಿ. ಸಿಕ್ಕಿದ್ದು ಎರಡು. ಬೆಳ್ಳಿ ಬಣ್ಣದ್ದು ಅವಳ ಅಳತೆಯದೇ, ಆದರೆ ಹಿಂಚಕ್ರ ಕೂರುವ ಜಾಗ ಅಗಲ. ಚಕ್ರದ ಕಡ್ಡಿಗಳನ್ನೆಲ್ಲ ಸಡಿಲಿಸಿ ಹೊಸದಾಗಿ ಬಿಗಿಯಬೇಕು. (ಫ್ರೇಮನ್ನೇ ಅದುಮಬಾರದೇ ಎನ್ನುವ ಜಾಣ ಓದುಗರೇ, ಅದು ಅಲ್ಯೂಮಿನಿಯಂ, ಬಿರುಕು ಬಿಡುತ್ತದೆ. ಕೇಳಿ ಬೈಸಿಕೊಂಡಿದ್ದೇನೆ.) ಹಸಿರು ಬಣ್ಣದ್ದು ಹಳೇ ಉಕ್ಕಿನದು, ಟ್ರ್ಯಾಕಿಗೆಂದೇ ಮಾಡಿದ್ದು. ಚಕ್ರ ಸಲೀಸಾಗಿ ಹೋಗಿ ಕೂತಿತು. ಆದರೆ ಅದು ಉದ್ದ ಕಾಲಿನವರದು. ಸೀಟು ಪೂರಾ ಇಳಿಸಿದರೆ ನೊಲೀನಳಿಗೆ ಪೆಡಲ್ ಹೇಗೋ ಸಿಗುತ್ತದೆ, ನೆಲ ಸಿಗುವುದಿಲ್ಲ.

"ಬೆಳ್ಳಿದೇ ತಗೋ," ಎಂದ ಡಾರಿಲ್. "ಚಕ್ರ ಬಿಚ್ಚಿಸೋಣ. ನಂಗೆ ಕಡ್ಡಿ ಕಾಣಲ್ಲ, ಬೇರೆ ಯಾರಾದ್ರೂ ಕಟ್ತಾರೆ."

"ಬೇರೆಯೋರು ಕಟ್ಟಿದ ಮೇಲೆ ಅದು ಯಾವ ಸೀಮೆ ನೀನು ಕಟ್ಟಿದ ಚಕ್ರ?"

"ಹಟಮಾರಿ ಮುದುಕಿ! ಹಸಿರಿಂದ ಬಿದ್ರೆ?"

"ಬೀಳೋಕೆ ಬಿಡ್ತೀಯಾ ನೀನು?"

ಡಾರಿಲ್ ಪೈ ಕೆಳಗಿಟ್ಟ.

ನನಗಂತೂ ತಲೆ ಕೆಟ್ಟುಹೋಯಿತು. ಟ್ರ್ಯಾಕ್ ಸೈಕಲ್ಲಿಗೆ ಬ್ರೇಕಿಲ್ಲ. ಪೆಡಲನ್ನು ಕಾಲಿನಿಂದ ತಡೆದು ನಿಧಾನ ಮಾಡಬಹುದು, ನಿಲ್ಲುವಾಗ ನೆಲಕ್ಕೆ ಕಾಲು ಸಿಗದವರನ್ನು ಯಾರಾದರೂ ಹಿಡಿಯಬೇಕು. ಹೊರಡುವಾಗ ಚಿಂತೆಯಿಲ್ಲ, ನಮ್ಮ ಕಡೆ ರೇಸಿನಲ್ಲಿ ಎಲ್ಲರನ್ನೂ ಒಬ್ಬರು ಹಿಡಿದು ನೂಕಿಯೇ ಬಿಡುವುದು. ಬರುವವಳನ್ನು ಹಿಡಿಯುವುದು ಬೇರೆ ಮಾತು, ಅದಕ್ಕೆ ಕಣ್ಣು ಬೇಕು.

ಮುಕ್ತಾಯ ಒಂದು: ಬೆಳ್ಳಿ ಫ್ರೇಮು, ಚಪ್ಪಾಳೆ. ನೊಲೀನ್ ಓದಿ, "ಥೂ, ಸಪ್ಪೆ" ಎಂದಳು.

ಮುಕ್ತಾಯ ಎರಡು: ಹಸಿರು ಫ್ರೇಮು, ನಾನೇ ಹೋಗಿ ಅವಳನ್ನು ಹಿಡಿಯುತ್ತೇನೆ. "ನಿನ್ನನ್ನ ಕರೆದೋರು ಯಾರು?" ಎಂದ ಡಾರಿಲ್. (ಪಾತ್ರಗಳಿಗೆ ಸಲುಗೆ ಕೊಡಲೇಬಾರದು.)

ಮೂರೋ ನಾಲ್ಕೋ

ಈಗ ಅವಳು ಟ್ರ್ಯಾಕಿನಲ್ಲಿ, ಹಸಿರು ಸೈಕಲ್ಲಿನ ಮೇಲಿದ್ದಾಳೆ. ಡಾರಿಲ್ ಸೀಟು ಹಿಡಿದು ನೂಕಿಬಿಟ್ಟಿದ್ದಾನೆ. ಆಚೆ ಬದಿಯಲ್ಲಿ ಓಡುವ ಹಸಿರು ಚುಕ್ಕೆ ಕಂಡು ಹುಡುಗನ ಹಾಗೆ ನಕ್ಕ. ಹತ್ತಿರ ಬಂದಂತೆ ಮಸುಕಾಯಿತೇನೋ, ಕಣ್ಣು ಮುಚ್ಚಿ ಎರಡೂ ಕೈ ಚಾಚಿ ನಿಂತ.

"ನೋಡ್ಬೇಕು ಅಂತಿದ್ದೆಯಲ್ಲ, ಕಣ್ಣು ಬಿಡು ಮಾರಾಯ!" ಎಂದೆ ನಾನು.

"ಸುಮ್ನಿರು. ಕಡ್ಡಿ ಸದ್ದು ಕೇಳಿಸ್ತಾ ಇದೆ. ನಾನೇ ಕಟ್ಟಿದ್ದಲ್ವಾ?"

ಹಿಡಿದ ಎಂದು ಬರೆಯಲೋ, ಕೈ ತಪ್ಪಿತು ಎಂದೋ? ಓದುಗರೇ, ನನಗೆ ಭಯವಾಗುತ್ತಿದೆ. ಎರಡನ್ನೂ ಬರೆಯಲಾರೆ. ಪೆನ್ನು ಕೆಳಗಿಟ್ಟೆ.

"ಏಯ್, ಬರೆಯೋನೇ!" ತಿರುವಿನಿಂದ ನೊಲೀನ್ ಕೂಗಿದಳು. "ನೀನು ನಿಲ್ಲಿಸಿಬಿಟ್ರೆ ನಾನು ಇಳಿಯೋದು ಹೆಂಗೆ?"

ಡಾರಿಲನ ಕಡೆ ನೋಡಿದೆ. ಅವನು ಕೈ ಇಳಿಸಿರಲಿಲ್ಲ.

"ಅವಸರ ಏನಿಲ್ಲ ಕಣೇ," ಎಂದ, "ಇನ್ನೊಂದು ಸುತ್ತು ಹೋಗ್ಬಾ. ನಾನಿಲ್ಲೇ ಇರ್ತೀನಿ."